ಅಪಶ್ರುತಿ ಯಾರದು?

ಸಂಗೀತ ಕಚೇರಿಗಳ ವಿಮರ್ಶೆ ಬರೆಯುವವರ ಬತ್ತಳಿಕೆಯಲ್ಲಿ ಕೆಲವು ಬಾಣಗಳು ಸದಾ ಸಿದ್ಧವಾಗಿರುತ್ತವೆ. ಹಾಡುವವರಿಗೆ ಸಾಹಿತ್ಯದ ಉಚ್ಚಾರಣೆಯದು, ಮೃದಂಗದವರಿಗೆ ಅಬ್ಬರದ್ದು, ಕೊಳಲು, ನಾಗಸ್ವರ, ಶಹನಾಯಿ ಮೊದಲಾದ ಸುಷಿರವಾದ್ಯಗಳವರಿಗೆ ಶ್ರುತಿಯದು. ಬೆರಳುಗಾರಿಕೆ ಚೆನ್ನಾಗಿತ್ತು, ಆದರೆ ಶ್ರುತಿಶುದ್ಧಿ ಸಾಲದು ಎಂಬರ್ಥದ ಒಂದು ವಾಕ್ಯವಿಲ್ಲದ ಕೊಳಲು ಕಚೇರಿಯ ವಿಮರ್ಶೆಯನ್ನು, ಅದರಲ್ಲೂ ನಮ್ಮ ದೆಹಲಿಯಲ್ಲಿ ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಡೆದ ಕಚೇರಿಯದನ್ನು, ನಾವು ಓದಿದ್ದು ಬಹಳ ಕಡಮೆ. ಕಿವಿಗೆ ಬಿದ್ದದ್ದನ್ನು ಬರೆಯುವುದು ವಿಮರ್ಶಕರ ಧರ್ಮ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಿದ್ದ ಅಪಶ್ರುತಿ ಯಾರದು ಎಂದು ವಿಚಾರಿಸದೆ ಅದನ್ನು ಕಲಾವಿದರ ಲೆಕ್ಕಕ್ಕೆ ಬರೆದುಬಿಡುವುದು ನ್ಯಾಯವೇ ಎಂಬುದು ಈ ಲೇಖನದ ಪ್ರಶ್ನೆ.

ಒಂದು ಉದಾಹರಣೆಯನ್ನು ನೋಡೋಣ. ಸಂಸ್ಥೆಯ ಹೆಸರು ಬೇಡ. ಇಂಥದು ಯಾವ ಸಂಸ್ಥೆಯಲ್ಲಾದರೂ ನಡೆಯಬಹುದಾದದ್ದೇ. ಜನವರಿಯ ಒಂದು ಸಂಜೆ, ಮೂರು ಕಡೆ ಮಾತ್ರ ಪರದೆ ಕಟ್ಟಿದ ಷಾಮಿಯಾನದಲ್ಲಿ, ದಕ್ಷಿಣದಿಂದ ಬಂದಿದ್ದ ಯುವ ಕಲಾವಿದರೊಬ್ಬರ ಕೊಳಲು ಕಚೇರಿ. ಮಧ್ಯಾಹ್ನ ಮೂರು ಗಂಟೆಗೆ, ಒಳ್ಳೆಯ ಬಿಸಿಲಿನಲ್ಲಿ, ಮೈಕು ಪರೀಕ್ಷೆಯ ವೇಳೆಗೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಕೊಳಲಿಗೆ ಹೊಂದಿಸಿ ಇಟ್ಟಿದ್ದರು. ಆರು ಗಂಟೆಗೆ ಸಭೆ ಆರಂಭ. ಸ್ವಾಗತ, ವರದಿವಾಚನ, ಭಾಷಣ, ಬಹುಮಾನ ವಿತರಣೆ ಇವೆಲ್ಲ ಮುಗಿದು ಕಲಾವಿದರು ಕೊಳಲನ್ನು ತುಟಿಗಿಡುವಾಗ ಏಳೂವರೆ ದಾಟಿತ್ತು. ಅಷ್ಟು ಹೊತ್ತೂ ಕೊಳಲು ವೇದಿಕೆಯ ಮೇಲೆ ತಣ್ಣಗೆ ಮಲಗಿತ್ತು. ವರ್ಣದಲ್ಲಿ ಕೊಳಲು ಪೆಟ್ಟಿಗೆಗಿಂತ ಕೆಳಗಿತ್ತು. ಮಂದ್ರಕ್ಕೆ ಇಳಿದಾಗ ಇನ್ನೂ ಕೆಳಗೆ. ಮೂರನೆಯ ಕೃತಿಯ ಹೊತ್ತಿಗೆ ಎಲ್ಲವೂ ಸರಿಹೋಗಿ ಸಭಿಕರು ತಲೆದೂಗತೊಡಗಿದರು. ಆಗ ಮುಖ್ಯ ಅತಿಥಿಗಳು ಬಂದರು. ಕಚೇರಿ ನಿಂತಿತು. ಹಾರ, ಶಾಲು, ನಾಲ್ಕು ಮಾತು, ಇಪ್ಪತ್ತೈದು ನಿಮಿಷ. ಮತ್ತೆ ರಾಗ ಎತ್ತಿಕೊಂಡಾಗ ಕೊಳಲು ಪುನಃ ಕೆಳಗೆ. ತನಿ ಆವರ್ತನದ ಮುನ್ನ ಪುನಃ ಸರಿ. ಮುಂದಿನ ತಿಂಗಳು ಅಚ್ಚಾದ ವರದಿಯಲ್ಲಿ, ಕಲಾವಿದರ ಸಿದ್ಧತೆ ಸಾಲದೆಂದೂ ಶ್ರುತಿಜ್ಞಾನ ಇನ್ನೂ ಪಕ್ವವಾಗಬೇಕೆಂದೂ ತೀರ್ಪಾಗಿತ್ತು.

ಶ್ರುತಿಜ್ಞಾನವಿಲ್ಲದ ವಾದಕ ತಾನಾಗಿ ಸರಿಹೋಗುವುದು, ಮುಖ್ಯ ಅತಿಥಿಗಳು ಬಂದೊಡನೆ ಆ ಜ್ಞಾನವನ್ನು ಕಳೆದುಕೊಳ್ಳುವುದು, ಅವರು ಹೋದ ಮೇಲೆ ಮರಳಿ ಪಡೆಯುವುದು ಹೇಗೆ ಎಂದು ವರದಿಗಾರರು ಯೋಚಿಸಿದಂತಿಲ್ಲ. ಯೋಚಿಸಿದ್ದರೆ ಉತ್ತರ ಪಿ.ಯು.ಸಿ. ಪುಸ್ತಕದಲ್ಲೇ ಸಿಗುತ್ತಿತ್ತು.

ವಿಜ್ಞಾನ ಓದಿದ ವಾಚಕರಿಗೆ ರೆಸೊನೆನ್ಸ್ ಕಾಲಮ್ ಪ್ರಯೋಗ ನೆನಪಿರಬಹುದು. ನೀರು ತುಂಬಿದ ಉದ್ದನೆಯ ಗಾಜಿನ ಕೊಳವೆ, ಅದರ ಬಾಯಿಯ ಮೇಲೆ ಮಿಡಿದು ಹಿಡಿದ ಶ್ರುತಿಕವೆ. ನೀರಿನ ಮಟ್ಟ ಇಳಿಸುತ್ತ ಹೋದರೆ ಒಂದು ಕಡೆ ಕೊಳವೆ ಒಮ್ಮೆಲೇ ಹೂಂಕರಿಸುತ್ತದೆ. ಆ ಉದ್ದದಿಂದ ಗಾಳಿಯಲ್ಲಿ ಶಬ್ದದ ವೇಗವನ್ನು ಲೆಕ್ಕಹಾಕುವುದು. ಪ್ರಯೋಗದ ರಿಕಾರ್ಡಿನಲ್ಲಿ ಅಂದಿನ ಕೋಣೆಯ ಉಷ್ಣತೆಯನ್ನು ಬರೆಯಲೇಬೇಕು. ಬರೆಯದಿದ್ದರೆ ಮೇಷ್ಟ್ರು ಸಹಿ ಹಾಕುತ್ತಿರಲಿಲ್ಲ. ಏಕೆಂದರೆ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್. ಅಲ್ಲಿಂದ ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಗಾಳಿಯ ಒತ್ತಡದಿಂದ ಈ ವೇಗ ಬದಲಾಗದು, ತೇವದಿಂದ ಬದಲಾಗುವುದು ಅತ್ಯಲ್ಪ. ಉಷ್ಣತೆಯದೇ ಇಲ್ಲಿ ಯಜಮಾನಿಕೆ.

ಕೊಳಲೆಂದರೂ ಇಂಥದೇ ಒಂದು ಕೊಳವೆ. ನುಡಿಯುವುದು ಬಿದಿರಲ್ಲ, ಬಿದಿರಿನೊಳಗಿನ ಗಾಳಿಯ ಕಂಬ. ರಂಧ್ರಗಳನ್ನೆಲ್ಲ ಮುಚ್ಚಿ ಊದಿದಾಗ ಈ ಕಂಬದ ಉದ್ದ 57 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಶಬ್ದದ ವೇಗವನ್ನು ಆ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸ್ವರದ ಕಂಪನಸಂಖ್ಯೆ ಸಿಗುತ್ತದೆ. 25 ಡಿಗ್ರಿಯಲ್ಲಿ ಅದು ಸೆಕೆಂಡಿಗೆ ಸುಮಾರು 304; 10 ಡಿಗ್ರಿಯಲ್ಲಿ 296. ಅದೇ ಕೊಳಲು, ಅದೇ ಬೆರಳು, ಅದೇ ಉಸಿರು. ಎಂಟು ಕಂಪನಗಳು ಕಡಿಮೆ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ 304ರಲ್ಲೇ ನಿಂತಿದ್ದರೆ ಎರಡೂ ಸೇರಿ ಸೆಕೆಂಡಿಗೆ ಎಂಟು ಬಾರಿ ತುಯ್ದಾಡುತ್ತವೆ. ಕಾಲೇಜಿನಲ್ಲಿ ಬೀಟ್ಸ್ ಎಂದು ಕಲಿತದ್ದು ಇದನ್ನೇ. ಸಂಗೀತ ಬಾರದವರ ಕಿವಿಗೂ ಅದು ಹಿತವಾಗದು.

ನಮ್ಮ ಸಂಗೀತದ ಅಳತೆಗೋಲಿನಲ್ಲೇ ಹೇಳಬೇಕೆಂದರೆ, 22 ಶ್ರುತಿಗಳ ಲೆಕ್ಕದಲ್ಲಿ ಅತ್ಯಂತ ಚಿಕ್ಕ ಅಂತರವಾದ ಪ್ರಮಾಣಶ್ರುತಿಯ ಬೆಲೆ 81/80, ಅಂದರೆ ಶೇಕಡಾ ಒಂದೂಕಾಲು. ಗಾಳಿಯ ಕಂಬದ ಉಷ್ಣತೆ ಏಳು ಡಿಗ್ರಿ ಇಳಿದರೆ ಸ್ವರ ಹೆಚ್ಚುಕಡಮೆ ಇಷ್ಟೇ ಇಳಿಯುತ್ತದೆ. ಚೆನ್ನೈಯಲ್ಲಿ ಡಿಸೆಂಬರ್ ಸಂಗೀತೋತ್ಸವದ ರಾತ್ರಿಗಳಲ್ಲೂ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ದೆಹಲಿಯ ಜನವರಿಯಲ್ಲಿ ಸರಾಸರಿ ಕನಿಷ್ಠ ಉಷ್ಣತೆಯೇ 7-8 ಡಿಗ್ರಿ. ಅಲ್ಲಿ ನುಡಿಸಿ ಇಲ್ಲಿಗೆ ರೈಲು ಹತ್ತಿದ ಕೊಳಲು, ನಡುದಾರಿಯಲ್ಲಿ ಒಂದೆರಡು ಪ್ರಮಾಣಶ್ರುತಿಗಳನ್ನು ಕಳೆದುಕೊಂಡೇ ಬಂದಿಳಿಯುತ್ತದೆ.

ಲೆಕ್ಕ ಇಷ್ಟಕ್ಕೇ ಮುಗಿದಿದ್ದರೆ ಚಳಿಗಾಲವಿಡೀ ಕೊಳಲು ಒಂದೇ ಸಮನೆ ಕೆಳಗೆ ನಿಲ್ಲಬೇಕಿತ್ತು. ಹಾಗೆ ನಿಲ್ಲದಿರುವುದಕ್ಕೆ ಕಾರಣ ವಾದಕನ ಉಸಿರು. ಬಾಯಿಂದ ಬರುವ ಉಸಿರಿಗೆ ಮೂವತ್ತು ಡಿಗ್ರಿಗೂ ಮೀರಿದ ಬಿಸಿ ಇರುತ್ತದೆ. ಊದುತ್ತ ಹೋದಂತೆ ಅದು ಒಳಗಿನ ಗಾಳಿಯನ್ನೂ ಕೊಳಲಿನ ಒಡಲನ್ನೂ ಕಾಯಿಸುತ್ತದೆ; ಸ್ವರ ಮೆಲ್ಲಮೆಲ್ಲನೆ ಏರುತ್ತದೆ. ಊದುವುದನ್ನು ನಿಲ್ಲಿಸಿದರೆ ಮತ್ತೆ ಆರುತ್ತದೆ, ಸ್ವರವೂ ಇಳಿಯುತ್ತದೆ. ಮೇಲೆ ಹೇಳಿದ ಕಚೇರಿಯಲ್ಲಿ ನಡೆದದ್ದು ಇದು. ಮುಖ್ಯ ಅತಿಥಿಗಳ ಸನ್ಮಾನವು ತಿಳಿಯದೆಯೇ ಒಂದು ಒಳ್ಳೆಯ ಪ್ರಯೋಗವಾಯಿತು!

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಉಸಿರಿನ ಬಿಸಿ ಊದುವ ರಂಧ್ರದ ಬಳಿ ಹೆಚ್ಚು, ಕೊಳಲಿನ ತುದಿಯ ಕಡೆಗೆ ಕಡಮೆ. ಬೆರಳುಗಳನ್ನೆಲ್ಲ ಮುಚ್ಚಿ ನುಡಿಸುವ ಕೆಳಗಿನ ಸ್ವರಗಳು ಕೊಳವೆಯ ಪೂರ್ತಿ ಉದ್ದವನ್ನು, ತಣ್ಣಗಿನ ತುದಿಯನ್ನೂ ಸೇರಿಸಿ, ಬಳಸುತ್ತವೆ. ರಂಧ್ರಗಳನ್ನು ತೆರೆದು ನುಡಿಸುವ ಸ್ವರಗಳಿಗೆ ಮೇಲಿನ ಬೆಚ್ಚಗಿನ ಭಾಗವೇ ಸಾಕು. ಆದ್ದರಿಂದ ಚಳಿಯಲ್ಲಿ ಎಲ್ಲ ಸ್ವರಗಳೂ ಸಮನಾಗಿ ಇಳಿಯುವುದಿಲ್ಲ. ಕೆಳಗಿನವು ಹೆಚ್ಚು ಇಳಿಯುತ್ತವೆ. ವಾದಕರು ಇದನ್ನು ಸರಿಪಡಿಸಲು ತುಟಿಯನ್ನು ಹೊರಳಿಸಿ, ಉಸಿರನ್ನು ಬಲಗೊಳಿಸಿ ಸ್ವರವನ್ನು ಎತ್ತುತ್ತಾರೆ. ಎತ್ತಿದಾಗ ನಾದದ ಮಾರ್ದವ ಹೋಗಿ ಗಾಳಿಯ ಸುಯ್ಲು ಕೇಳಿಸುತ್ತದೆ. ಆಗ ವಿಮರ್ಶಕರ ಎರಡನೆಯ ಬಾಣ ಹೊರಡುತ್ತದೆ: ನಾದ ಒರಟು! ಶ್ರುತಿಗೆ ಬಂದರೆ ನಾದ ಹೋಯಿತು, ನಾದಕ್ಕೆ ನಿಂತರೆ ಶ್ರುತಿ ಹೋಯಿತು. ಬಡ ಕೊಳಲಿನವರು ಯಾವ ಕಡೆಗೆ ಹೋಗಬೇಕು? ಕೃತಿಗಳ ನಡುವೆ ಬಟ್ಟೆಯಿಂದ ಕೊಳಲನ್ನು ಒರೆಸುವುದನ್ನೂ ಕೆಲವರು ಷೋಕಿಯೆಂದು ತಿಳಿದಿದ್ದಾರೆ. ಬಿಸಿ ಉಸಿರಿನ ಆವಿ ತಣ್ಣನೆಯ ಗೋಡೆಗೆ ತಗುಲಿ ಹನಿಗಟ್ಟುತ್ತದೆ; ಒರೆಸದೆ ವಿಧಿಯಿಲ್ಲ.

ಸಂಗೀತ ಬಲ್ಲವರ ಮಾತುಕತೆಯಲ್ಲಿ ಇದಕ್ಕೆ ಬೇರೊಂದು ವಿವರಣೆ ಕೇಳಿಬರುತ್ತದೆ: ಚಳಿಗೆ ವಾದ್ಯ ಕುಗ್ಗುತ್ತದೆ, ಅದರಿಂದ ಶ್ರುತಿ ಕೆಡುತ್ತದೆ ಎಂದು. ಇದು ಪರೀಕ್ಷೆಗೆ ನಿಲ್ಲದು. ಕೊಳವೆ ಕುಗ್ಗಿದರೆ ಗಿಡ್ಡವಾಗಬೇಕು. ಗಿಡ್ಡವಾದರೆ ಸ್ವರ ಏರಬೇಕೇ ಹೊರತು ಇಳಿಯಬಾರದು. ಅದೂ ಎಷ್ಟು? 57 ಸೆಂಟಿಮೀಟರಿನ ಹಿತ್ತಾಳೆಯ ಕೊಳವೆ 15 ಡಿಗ್ರಿ ತಣ್ಣಗಾದರೆ ಕುಗ್ಗುವುದು ಮಿಲಿಮೀಟರಿನ ಆರನೆಯ ಒಂದು ಪಾಲು. ಸ್ವರದಲ್ಲಿ ಅದು ಸೆಕೆಂಡಿಗೆ ಒಂದು ಕಂಪನದ ಹತ್ತನೆಯ ಒಂದು ಪಾಲಿನಷ್ಟೂ ಅಲ್ಲ. ಗಾಳಿ ಎಂಟು ಕಂಪನ ಕೆಳಗೆಳೆಯುವ ಕಡೆ ಈ ಏರಿಕೆಯನ್ನು ಕೇಳುವವರಾರು? ಕುಗ್ಗುವಿಕೆಯ ಮಾತು ಸಲ್ಲುವುದು ತಂತಿವಾದ್ಯಗಳಿಗೆ. ಚಳಿಗೆ ತಂತಿ ಬಿಗಿಯಾಗಿ ಪಿಟೀಲು ಏರುತ್ತದೆ, ಕೊಳಲು ಇಳಿಯುತ್ತದೆ. ಒಂದೇ ವೇದಿಕೆಯ ಮೇಲೆ, ಒಂದೇ ಚಳಿಯಲ್ಲಿ, ಇಬ್ಬರು ವಿರುದ್ಧ ದಿಕ್ಕಿಗೆ ನಡೆಯುತ್ತಾರೆ. ಪಿಟೀಲಿನವರು ಬಿರಡೆ ತಿರುವಿ ಹೊಂದಿಕೊಳ್ಳಬಲ್ಲರು. ಕಡೆದ ಬಿದಿರಿಗೆ ಬಿರಡೆ ಎಲ್ಲಿಂದ ಬರಬೇಕು?

ಲೋಹದ ಸುಷಿರವಾದ್ಯಗಳಿಗೆ ಈ ವಿಷಯದಲ್ಲಿ ಕೊಂಚ ಅನುಕೂಲವಿದೆ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949-2019) ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೂ ಒಯ್ದರು. ಆ ವಾದ್ಯದ ಊದುಬಾಯಿಯನ್ನು ಕಾರ್ಕಿನ ಮೇಲೆ ಒಳಕ್ಕೆ ತಳ್ಳಿದರೆ ಸ್ವರ ಏರುತ್ತದೆ, ಹೊರಕ್ಕೆಳೆದರೆ ಇಳಿಯುತ್ತದೆ. ಪಾಶ್ಚಾತ್ಯರ ಕೊಳಲಿಗೂ ಇಂಥ ಸರಿಯುವ ಕೀಲಿದೆ. ನಮ್ಮ ಒಂದೇ ಗಣ್ಣಿನ ಬಿದಿರಿಗೆ ಇಲ್ಲ. ಅದಕ್ಕೇ ನಮ್ಮ ಕೊಳಲಿನವರು ಚೀಲದ ತುಂಬ ಬೇರೆಬೇರೆ ಶ್ರುತಿಯ ಕೊಳಲುಗಳನ್ನು ಹೊತ್ತು ತಿರುಗುವುದು.

ಹಾಗಾದರೆ ಹಿಂದಿನವರಿಗೆ ಚಳಿ ಇರಲಿಲ್ಲವೇ? ಧನುರ್ಮಾಸದ ನಸುಕಿನಲ್ಲಿ, ಊರ ದೇವಸ್ಥಾನದ ಮುಂದೆ, ಹೊದ್ದ ಕಂಬಳಿಯನ್ನು ಬದಿಗಿಟ್ಟು ಓಲಗ ಊದಿದವರನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಅಪಶ್ರುತಿಯೆಂದು ಯಾರೂ ದೂರಿದ್ದು ನೆನಪಿಲ್ಲ. ರಹಸ್ಯ ಇಷ್ಟೇ: ಅಲ್ಲಿ ಶ್ರುತಿ ಹಿಡಿಯುತ್ತಿದ್ದುದೂ ಊದುವ ವಾದ್ಯವೇ. ನಾಗಸ್ವರದ ಜೊತೆಗೆ ಒತ್ತು, ಶಹನಾಯಿಯ ಜೊತೆಗೆ ಸುರ್, ನಮ್ಮ ಓಲಗದಲ್ಲಿ ಸುತಿ. ಅದೇ ಚಳಿಯ ಗಾಳಿ ಎರಡರೊಳಗೂ ತುಂಬುತ್ತದೆ. ಇಳಿದರೆ ಎರಡೂ ಇಳಿಯುತ್ತವೆ, ಕಾದರೆ ಎರಡೂ ಏರುತ್ತವೆ. ಒತ್ತಿನ ತಳದ ಬಳಿ ಕೆಲವು ರಂಧ್ರಗಳಿದ್ದು, ಅವಕ್ಕೆ ಮೇಣ ಮೆತ್ತಿ ಅಥವಾ ತೆಗೆದು ಶ್ರುತಿಯನ್ನು ನವಿರಾಗಿ ಹೊಂದಿಸುವ ಏರ್ಪಾಡೂ ಉಂಟು. ಭೌತಶಾಸ್ತ್ರ ಓದದವರು ಕಂಡುಕೊಂಡ ಈ ಉಪಾಯ ಅದೆಷ್ಟು ಸೊಗಸು! ಪ್ರತಿವರ್ಷ ಜನವರಿ 29ರ ಸಂಜೆ ವಿಜಯ ಚೌಕದಲ್ಲಿ ಸೇನೆಯ ಬ್ಯಾಂಡುಗಳು ಬೀಟಿಂಗ್ ರಿಟ್ರೀಟ್ ನಡೆಸಿಕೊಡುವುದನ್ನು ಕೇಳಿ. ಎಷ್ಟೊಂದು ಊದುವಾದ್ಯಗಳು ಒಂದೇ ಚಳಿಯಲ್ಲಿ ಒಟ್ಟಿಗೆ ಇಳಿದಿರುವುದರಿಂದ ಕೇಳುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ. ಬ್ಯಾಗ್‌ಪೈಪಿನಲ್ಲಂತೂ ಶ್ರುತಿಯ ಕೊಳವೆ ಆ ಚೀಲಕ್ಕೇ ಅಂಟಿಕೊಂಡಿರುತ್ತದೆ.

ಈಗ ಒತ್ತಿನ ಜಾಗಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿದೆ, ಪೆಟ್ಟಿಗೆಯ ಜಾಗಕ್ಕೂ ಮೊಬೈಲ್ ಫೋನು ಬರುತ್ತಿದೆ. ಅದಕ್ಕೆ ಚಳಿಯಿಲ್ಲ, ಸೆಕೆಯಿಲ್ಲ. ಅದು ಒಳ್ಳೆಯ ಸೇವಕನೇ ಸರಿ. ಒತ್ತು ಹಿಡಿದು ಮೂರು ಗಂಟೆ ಊದುವ ಕಷ್ಟವನ್ನು ಅದು ತಪ್ಪಿಸಿದೆ. ಆದರೆ ಸೇವಕ ಕ್ರಮೇಣ ನ್ಯಾಯಾಧೀಶನಾಗಿ ಕುಳಿತಿದ್ದಾನೆ. ಸಭೆಯಲ್ಲೇ ಜೇಬಿನಿಂದ ಫೋನು ತೆಗೆದು, ಕೊಳಲು ಎಷ್ಟು ಕೆಳಗಿದೆಯೆಂದು ಪರದೆಯ ಮೇಲೆ ನೋಡಿ ಪಕ್ಕದವರಿಗೆ ತೋರಿಸುವ ರಸಿಕರೂ ಹುಟ್ಟಿಕೊಂಡಿದ್ದಾರೆ. ಆ ಫೋನು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಎಷ್ಟು ಎಂದು ಹೇಳುತ್ತದೆಯೇ ವಿನಾ ಏಕೆ ಎಂದು ಹೇಳುವುದಿಲ್ಲ.

ಸ್ಥಿರಶ್ರುತಿಯನ್ನೇ ನಂಬಿದ ಪಾಶ್ಚಾತ್ಯರೂ ಉಷ್ಣತೆಯನ್ನು ಮರೆಯಲಿಲ್ಲ. 1859ರಲ್ಲಿ ಫ್ರೆಂಚ್ ಸರ್ಕಾರ ವಾದ್ಯಮೇಳಗಳ ಮೂಲಸ್ವರವನ್ನು 435 ಕಂಪನಗಳೆಂದು ನಿಗದಿಮಾಡಿದಾಗ ಅದರ ಜೊತೆಗೆ 15 ಡಿಗ್ರಿ ಉಷ್ಣತೆಯನ್ನೂ ಹೇಳಿತು. 1896ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಕ್ ಸೊಸೈಟಿಯವರು, ಕಚೇರಿ ನಡೆಯುವ ಸಭಾಂಗಣ ಅದಕ್ಕಿಂತ ಬೆಚ್ಚಗಿರುತ್ತದೆಂದು 20 ಡಿಗ್ರಿಗೆ ಲೆಕ್ಕಹಾಕಿ 439 ಎಂದರು. ನಮ್ಮ ವರ್ಗಮೂಲದ ಸೂತ್ರದಿಂದ ಲೆಕ್ಕಿಸಿದರೂ ಅದೇ ಉತ್ತರ ಬರುತ್ತದೆ. 1939ರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದು 440 ಆಯಿತು. ಇಂದಿಗೂ ಅದೇ ಇದೆ. ಅವರಿಗೆ ಈ ಕಟ್ಟುಪಾಡು ಅನಿವಾರ್ಯ. ಹತ್ತಾರು ವಾದ್ಯಗಳು ಒಂದಾಗಬೇಕು. ನಮಗೆ ಅಂಥ ಬಂಧನ ಎಂದೂ ಇರಲಿಲ್ಲ. ಎಲ್ಲಿ ನಿಂತರೆ ಅದೇ ಷಡ್ಜ. ಇಂಥ ಸ್ವಾತಂತ್ರ್ಯವಿದ್ದೂ ನಾವು ಒಂದು ಪೆಟ್ಟಿಗೆಯ ಮಧ್ಯಾಹ್ನದ ಷಡ್ಜಕ್ಕೆ ರಾತ್ರಿಯ ಕೊಳಲನ್ನು ಕಟ್ಟಿಹಾಕುವುದು ವಿಚಿತ್ರವಲ್ಲವೇ?

ಇಷ್ಟು ಹೇಳಿದ ಮಾತ್ರಕ್ಕೆ ಚಳಿಗಾಲದಲ್ಲಿ ನುಡಿಸಿದವರಿಗೆಲ್ಲ ಕ್ಷಮಾಪಣೆ ಬರೆದುಕೊಟ್ಟಂತಲ್ಲ. ಹಾಗೆ ಮಾಡಿದರೆ ವಿಮರ್ಶೆಯ ಕೆಲಸವೇ ಉಳಿಯುವುದಿಲ್ಲ. ಗಾಳಿಯ ತಪ್ಪನ್ನೂ ವಾದಕರ ತಪ್ಪನ್ನೂ ಬೇರ್ಪಡಿಸುವುದು ಸಾಧ್ಯ, ಅದಕ್ಕೆ ಉಪಕರಣವೂ ಬೇಡ. ಮೊದಲನೆಯದಾಗಿ, ಹೊತ್ತನ್ನು ಗಮನಿಸಬೇಕು. ಚಳಿಯ ಇಳಿತ ಕಚೇರಿಯ ಆರಂಭದಲ್ಲಿ ಹೆಚ್ಚು, ನುಡಿಸಿದಂತೆ ಕಡಮೆ, ಬಿಡುವಿನ ಅನಂತರ ಮತ್ತೆ ಹೆಚ್ಚು. ಎರಡನೆಯದಾಗಿ, ಸ್ಥಾಯಿಯನ್ನು ಗಮನಿಸಬೇಕು. ಚಳಿಯ ಇಳಿತಕ್ಕೆ ಒಂದು ಕ್ರಮವಿದೆ. ಕೆಳಗಿನ ಸ್ವರಗಳಿಂದ ಮೇಲಕ್ಕೆ ಹೋದಂತೆ ಅದು ಕಿರಿದಾಗುತ್ತದೆ. ಅದರ ಬದಲು ಗಾಂಧಾರ ಒಮ್ಮೆ ಮೇಲೆ, ಇನ್ನೊಮ್ಮೆ ಕೆಳಗೆ ಬಿದ್ದರೆ, ಅಥವಾ ತಾರಸ್ಥಾಯಿಯಲ್ಲಿ ಉಸಿರಿನ ರಭಸಕ್ಕೆ ಸ್ವರ ಹಾರಿಹೋದರೆ, ಅದು ಗಾಳಿಯ ಕೆಲಸವಲ್ಲ, ಸಾಧನೆಯ ಕೊರತೆ. ಮೂರನೆಯದಾಗಿ, ವಾದಕರು ಏನು ಮಾಡಿದರೆಂದು ನೋಡಬೇಕು. ತಮ್ಮ ಕೊಳಲು ಕೆಳಗಿದೆಯೆಂದು ಅವರಿಗೆ ತಿಳಿಯಿತೇ, ಕೊಳಲು ಬದಲಿಸಿದರೇ, ಪೆಟ್ಟಿಗೆಯನ್ನು ಇಳಿಸಲು ಹೇಳಿದರೇ? ತಿಳಿದೂ ಸುಮ್ಮನಿದ್ದರೆ, ಅಥವಾ ತಿಳಿಯದೆಯೇ ಹೋಗಿದ್ದರೆ, ಆಗ ವಿಮರ್ಶಕರು ಧಾರಾಳವಾಗಿ ಬರೆಯಲಿ. ನಮ್ಮ ಉದಾಹರಣೆಯ ಯುವ ಕಲಾವಿದರಿಗೂ ಈ ಒಂದು ಮಾತು ಸಲ್ಲುತ್ತದೆ. ಪಿಟೀಲಿನವರು ಎರಡು ಬಾರಿ ತಂತಿ ಇಳಿಸಿ ಕೊಳಲಿನ ಬಳಿಗೆ ಬಂದರು. ಆದರೆ ಪೆಟ್ಟಿಗೆಯನ್ನು ಮುಟ್ಟುವ ಧೈರ್ಯವನ್ನು ಯಾರೂ ಮಾಡಲಿಲ್ಲ. ದೊಡ್ಡವರಾಗಿದ್ದರೆ ಕಚೇರಿಯನ್ನು ನಿಲ್ಲಿಸಿಯಾದರೂ ಸರಿಪಡಿಸಿಕೊಳ್ಳುತ್ತಿದ್ದರು. ಹಾಗೆಂದು ಬರೆದಿದ್ದರೆ ಅದು ಕಲಾವಿದರಿಗೆ ಉಪಯೋಗವಾಗುವ ವಿಮರ್ಶೆಯಾಗುತ್ತಿತ್ತು. ಶ್ರುತಿಜ್ಞಾನವಿಲ್ಲ ಎಂಬ ತೀರ್ಪಿನಿಂದ ಆದದ್ದೇನು? ಕಲಿಯುವುದಕ್ಕೆ ಅದರಲ್ಲಿ ಏನೂ ಇಲ್ಲ. ಮುಂದಿನ ವರ್ಷದ ಆಹ್ವಾನಿತರ ಪಟ್ಟಿಯಿಂದ ಹೆಸರು ತೆಗೆಯುವುದಕ್ಕೆ ಮಾತ್ರ ಅದು ಸಾಕು.

ನಾವು ಹಗಲೆಲ್ಲ ದುಡಿಯುವ ಕಚೇರಿಯಲ್ಲಿ, ಕಾರಣ ಕೇಳುವ ನೋಟೀಸು ಕೊಡದೆ, ವಿವರಣೆ ಪಡೆಯದೆ, ಯಾವ ಗುಮಾಸ್ತನಿಗೂ ದಂಡನೆ ವಿಧಿಸುವಂತಿಲ್ಲ. ಸಂಜೆ ಕೇಳುವ ಕಚೇರಿಗೂ ಅಷ್ಟು ನಿಯಮ ಬೇಡವೇ?

ಸಂಘಗಳ ಕಾರ್ಯಕಾರಿ ಸಮಿತಿಗಳಲ್ಲಿ ನಮ್ಮ ಅರಿಕೆಗಳು ಕೆಲವೇ, ಖರ್ಚೂ ಹೆಚ್ಚಿಲ್ಲ. ಸುಷಿರವಾದ್ಯದ ಕಚೇರಿಯನ್ನು ಜನವರಿಯ ಷಾಮಿಯಾನದಲ್ಲಿ ಇಡುವ ಬದಲು ಫೆಬ್ರವರಿಯ ಕೊನೆಗೆ ಇಡಬಹುದು, ಅಥವಾ ಬಾಗಿಲು ಮುಚ್ಚುವ ಸಭಾಂಗಣದಲ್ಲಿ ಇಡಬಹುದು. ಭಾಷಣಗಳನ್ನು ಕಚೇರಿಯ ಮುನ್ನವೇ ಮುಗಿಸಬೇಕು. ಆ ಹೊತ್ತಿನಲ್ಲಿ ಕಲಾವಿದರು ಕೊಳಲನ್ನು ಊದಿ ಕಾಯಿಸಿಕೊಳ್ಳಲು ಹಿಂದೆ ಒಂದು ಕೋಣೆ, ಒಂದು ಹೀಟರ್ ಕೊಡಬೇಕು. ಶ್ರುತಿಯನ್ನು ಮಧ್ಯಾಹ್ನ ಹೊಂದಿಸಿದ್ದರೂ ಆರಂಭಕ್ಕೆ ಮುನ್ನ ಇನ್ನೊಮ್ಮೆ ಹೊಂದಿಸಲು ಐದು ನಿಮಿಷ ಬಿಡಬೇಕು. ಎಲೆಕ್ಟ್ರಾನಿಕ್ ತಂಬೂರಿಯಲ್ಲಿ ಶ್ರುತಿಯನ್ನು ನವಿರಾಗಿ ಏರಿಸಿ ಇಳಿಸುವ ಗುಂಡಿ ಇರುವುದೇ ಇದಕ್ಕಾಗಿ. ಅದನ್ನು ಕಲಾವಿದರ ಕೈಗೆಟಕುವಂತೆ ಇಡಬೇಕು. ಬಿದಿರು ಬಗ್ಗಲಾರದು, ಪೆಟ್ಟಿಗೆ ಬಗ್ಗಬಲ್ಲದು, ಬಗ್ಗಬಲ್ಲವರೇ ಬಗ್ಗಲಿ. ಮುಖ್ಯ ಅತಿಥಿಗಳು ತಡವಾಗಿ ಬಂದರೆ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಸನ್ಮಾನವನ್ನು ಮಂಗಳದ ಬಳಿಕ ಇಟ್ಟುಕೊಂಡರೆ ಅವರೂ ಬೇಸರಪಡಲಾರರು.

ವಿಮರ್ಶೆ ಬರೆಯುವ ಮಿತ್ರರಲ್ಲಿ ಕೇಳುವುದು ಒಂದೇ. ರಾಗ, ತಾಳ, ಪಕ್ಕವಾದ್ಯದವರ ಹೆಸರು ಬರೆಯುವಂತೆ ಆ ಸಂಜೆಯ ಉಷ್ಣತೆಯನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಫೋನಿನಲ್ಲಿ ಶ್ರುತಿ ನೋಡುವವರಿಗೆ ಅದೇ ಫೋನಿನಲ್ಲಿ ಚಳಿಯನ್ನು ನೋಡುವುದು ಕಷ್ಟವಲ್ಲ. ಹನ್ನೊಂದು ಡಿಗ್ರಿ ಎಂದು ಬರೆದ ಕೈ, ಮುಂದಿನ ವಾಕ್ಯವನ್ನು ಬರೆಯುವ ಮುನ್ನ ಒಂದು ಕ್ಷಣವಾದರೂ ತಡೆಯುತ್ತದೆ ಎಂದು ನಮ್ಮ ನಂಬಿಕೆ.